ನಾನು ಕಾಣದ ಹಿಮದ ರನ್‌ವೇ

ನಾನು ಒಮ್ಮೆಯೂ ವಿಮಾನ ಹತ್ತಿದವನಲ್ಲ. ದೆಹಲಿಗೆ ಹೋಗಬೇಕಾಗಿ ಬಂದಾಗ ಮಗಳು ವಿಮಾನದ ಟಿಕೆಟ್ ತೆಗೆಸುತ್ತೇನೆಂದರೂ ರೈಲಿನಲ್ಲೇ ಹೋದೆ. ಕೇಳಿದವರಿಗೆಲ್ಲ, ದಾರಿ ನೋಡುತ್ತಾ ಹೋಗುವ ಮಜವೇ ಬೇರೆ ಎಂದೆ. ಪುಣೆಯ ಹತ್ತಿರದ ಭೋರ್ ದಾಟಿ ಬಸ್ಸು ಘಾಟಿನ ತಿರುವು ಹಿಡಿದರೆ ಸಾಕು, ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂರುವ ಗಿರಾಕಿ ನಾನು. ಹೀಗಿದ್ದೂ ಉತ್ತರ ಧ್ರುವದ ಕಡೆಯ ಒಂದು ವಿಮಾನ ನಿಲ್ದಾಣದ ಚರಿತ್ರೆಯಲ್ಲಿ ಪುಣೆಯ ಕನ್ನಡಿಗರ ಪೈಕಿ ನಾನೊಬ್ಬನೇ ಪಂಡಿತ. ಸ್ಪರ್ಧೆಗೆ ಬೇರೆ ಯಾರೂ ಇರಲಿಲ್ಲವಾದ್ದರಿಂದ ಪಟ್ಟ ಸುಲಭವಾಗಿ ಸಿಕ್ಕಿತು.

ಗುಮಾಸ್ತಿಕೆಯಿಂದ ನಿವೃತ್ತನಾದ ವರ್ಷ ಪುಣೆಯ ಕ್ಯಾಂಪ್ ಬಡಾವಣೆಯ ಹಳೇ ಪುಸ್ತಕದಂಗಡಿಯಲ್ಲಿ ರಟ್ಟು ಕಿತ್ತುಹೋದ ಪುಸ್ತಕವೊಂದು ಸಿಕ್ಕಿತ್ತು. ಮಹಾಯುದ್ಧದ ಕಾಲದಲ್ಲಿ ಸೈನಿಕರು ಸಮುದ್ರ ಹೆಪ್ಪುಗಟ್ಟುವ ಮೊದಲೇ ಹಡಗಿನಲ್ಲಿ ಸಾಮಾನು ತಂದು, ಮರವೊಂದೂ ಬೆಳೆಯದ ನೆಲದಲ್ಲಿ ರನ್‌ವೇ ಮಾಡಿದ ಕತೆ ಅದರಲ್ಲಿತ್ತು. ಬಿಸಿಲಿನ ಕಾವಿಗೆ ಕೆಳಗಿನ ಹೆಪ್ಪುನೆಲ ಕರಗಿ ಕುಸಿಯದಿರಲೆಂದು ಆಮೇಲೆ ರನ್‌ವೇಗೆ ಬಿಳಿ ಬಣ್ಣ ಬಳಿದರಂತೆ. ಯುದ್ಧ ಮುಗಿದು ಸೈನ್ಯ ಹೋಯಿತು, ಹವಾಮಾನ ಅಳೆಯುವವರು ಬಂದರು. ಈಗ ಅದೇ ರನ್‌ವೇ ಮೇಲೆ ಅಂಚೆ, ತರಕಾರಿ, ರೋಗಿಗಳನ್ನು ಹೊತ್ತ ಸಣ್ಣ ವಿಮಾನಗಳು ಓಡಾಡುತ್ತವೆ. ಇದೆಲ್ಲ ನನ್ನ ತಲೆಗೆ ಎಷ್ಟು ಹತ್ತಿತೆಂದರೆ, ಸದಾಶಿವ ಪೇಠದ ನಮ್ಮ ಎರಡು ಕೋಣೆಯ ಮನೆಯ ಗೋಡೆ ತುಂಬ ಆರ್ಕ್ಟಿಕ್ ನಕಾಶೆಗಳಾದವು.

"ಇಲ್ಲಿ ನಳ ಸೋರಾಕತ್ತಿ ವಾರಾತು. ಇವರು ಅಲ್ಲಿ ಹಿಮ ಕರಗ್ತದೋ ಇಲ್ಲೋ ನೋಡ್ಕೋತ ಕುಂತಾರ" ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಅದನ್ನು ಹೊಗಳಿಕೆಯೆಂದೇ ತಿಳಿಯುತ್ತಿದ್ದೆ.

ನಮ್ಮ ಓಣಿಯ ಕನ್ನಡ ಬಳಗ ತಿಂಗಳಿಗೊಂದು ಭಾನುವಾರ ಉಪನ್ಯಾಸ ಇಡುತ್ತದೆ. ಅಲ್ಲೊಂದು ಪದ್ಧತಿಯಿದೆ. ಅತಿಥಿಯ ಪರಿಚಯ ಮಾಡುವವರು ಅವನನ್ನು ಒಂದು ಮೆಟ್ಟಿಲಾದರೂ ಮೇಲಕ್ಕೆ ಹತ್ತಿಸಲೇಬೇಕು. ಹೆಡ್ ಕ್ಲರ್ಕ್ ಆಗಿದ್ದವರು ಅಲ್ಲಿ ನಿರ್ದೇಶಕರಾಗುತ್ತಾರೆ, ನಾಲ್ಕು ಪದ್ಯ ಬರೆದವರು ಮಹಾಕವಿಗಳಾಗುತ್ತಾರೆ. ಶಾಲು ಹೊದ್ದು ಕೂತವನು ಅದನ್ನು ತಿದ್ದಿದರೆ ಪರಿಚಯ ಮಾಡಿದ ಹಿರಿಯರಿಗೆ ಅವಮಾನ. ನನ್ನ ಸರದಿ ಬಂದಾಗ ಬಳಗದ ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, "ಆ ಹಿಮದಾಗ ಸ್ವತಃ ಇಳಿದು, ಓಡಾಡಿ ಬಂದಾರ" ಎಂದುಬಿಟ್ಟರು. ಚಪ್ಪಾಳೆ ಬಿತ್ತು. ಹಿರಿಯರ ಮರ್ಯಾದೆ ಕಾಯಲು ಸುಮ್ಮನಿದ್ದೆ ಎಂದು ಹೇಳಿಕೊಳ್ಳಬಹುದು. ನಿಜವೇನೆಂದರೆ, ಚಪ್ಪಾಳೆ ಭಾಳ ರುಚಿಯಾಗಿತ್ತು.

ಒಂದು ಗಂಟೆ ಕೊರೆದೆ. ಮುಗಿದ ಮೇಲೆ ಅವಲಕ್ಕಿ ತಟ್ಟೆ ಹಿಡಿದು ನಿಂತಿದ್ದಾಗ ಪಕ್ಕದ ಓಣಿಯ ಹೆಣ್ಣುಮಗಳೊಬ್ಬರು ಬಂದರು. ಬೆಳಗಾವಿ ಕಡೆಯವರು, ಐವತ್ತರ ಆಸುಪಾಸು. ಹವಾಮಾನದ ಕಚೇರಿಯೊಂದರಲ್ಲಿ ಉಪಕರಣ ರಿಪೇರಿ ಮಾಡುವವರು.

"ಆಮಂತ್ರಣದ ಕಾರ್ಡಿನಾಗ ಆ ಊರಿನ ಹೆಸರು ನೋಡೇ ಬಂದೇನ್ರಿ. ಅಲ್ಲಿ ಯಂತ್ರ ಕೂಡಿಸಲಿಕ್ಕೆ ನನ್ನ ಕಳಸ್ತೀವಿ ಅಂದಾರ, ಮೂರು ತಿಂಗಳು. ಇಂಥದೊಂದಕ್ಕ ಎಷ್ಟೋ ವರ್ಷದಿಂದ ಕಾದಿದ್ದೆ. ನಾಳೆ ಮುಂಜಾನೆ ಹೌದೋ ಅಲ್ಲೋ ಬರದು ಕೊಡಬೇಕು." ದನಿ ತಗ್ಗಿಸಿ ಕೇಳಿದರು: "ನಿಮಗ ಅಲ್ಲಿ ಇಳಿಯೋ ಮುಂದ ಹೆದರಿಕಿ ಆಗಲಿಲ್ಲೇನ್ರಿ?"

ಸುತ್ತ ನಾಲ್ಕು ಜನ ನಿಂತಿದ್ದರು. ಹೆಗಲ ಮೇಲೆ ಶಾಲು ಇತ್ತು.

"ಛೇ, ಹೆದರಿಕಿ ಎಲ್ಲೀದ್ರಿ! ಒಂಚೂರೂ ಇಲ್ಲ" ಎಂದೆ.

ಅವರು ತಲೆಯಾಡಿಸಿ ಹೋದರು. ನನ್ನ ಧೈರ್ಯ ಕಂಡು ಮಾತು ನಿಂತಿತೆಂದು ಬೀಗಿದೆ. ಆದರೆ ಮನೆ ಮುಟ್ಟುವಷ್ಟರಲ್ಲಿ ಬೇರೆಯೇ ಯೋಚನೆ ಹತ್ತಿತ್ತು. ನನ್ನ ಮಾತು ನಂಬಿ ಆ ಹೆಣ್ಣುಮಗಳು ಹೌದೆಂದು ಬರೆದುಕೊಟ್ಟು, ಅಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ? ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

"ಮುಂಜಾನೆ ಎದ್ದವರೇ ಹೋಗಿ ಖರೆ ಹೇಳಿ ಬರ್ರಿ" ಎಂದಳು.

ಬೆಳಿಗ್ಗೆ ಅವರ ಮನೆಗೆ ಹೋದಾಗ ಅವರು ಕಚೇರಿಗೆ ಹೊರಟು ನಿಂತಿದ್ದರು. ಕೂರಿರೆಂದರೂ ಕೂರಲಿಲ್ಲ; ಕೂತರೆ ಮಾತು ಹೊರಡುವುದಿಲ್ಲವೆಂದು ಗೊತ್ತಿತ್ತು.

"ನಾ ಅಲ್ಲಿಗೆ ಹೋಗೇ ಇಲ್ರಿ. ಎಲ್ಲಾ ಪುಸ್ತಕದಾಗ ಓದಿದ್ದು. ಹೋಗಲಿ ಅಂದ್ರ ವಿಮಾನಾನೂ ಹತ್ತಿಲ್ಲ. ನನಗ ಹೆದರಿಕಿ. ಬಸ್ಸು ಘಾಟ ಏರಿದ್ರನ ಕಣ್ಣು ಮುಚ್ಚಿ ಕೂಡ್ತೀನಿ."

ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಚೀಲದಿಂದ ಒಂದು ಲಕೋಟೆ ತೆಗೆದರು.

"ಹೋಗೂದಿಲ್ಲ ಅಂತ ನಿನ್ನೆ ಸಂಜೀನೇ ಬರದಿಟ್ಟಿದ್ದೆ" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. "ಯಾಕ್ರಿ? ಹೆದರಿಕಿಲ್ಲ ಅಂತ ಹೇಳಿದ್ನಲ್ಲ?"

"ಅದಕ್ಕರೀ. ಒಂದು ವಾರದಿಂದ ನನಗ ಹೆದರಿಕೀಲೇ ನಿದ್ದಿ ಇಲ್ಲ. ನಿಮಗ ಒಂಚೂರೂ ಆಗಲಿಲ್ಲ ಅಂದ್ರಲ್ಲ, ಅಲ್ಲಿಗೆ ಹೋಗೋ ಮಂದೀನೇ ಬ್ಯಾರೆ, ನಾ ಅಂಥಾಕಿ ಅಲ್ಲ ಅನ್ಕೊಂಡೆ." ಲಕೋಟೆಯನ್ನು ಎರಡಾಗಿ, ಆಮೇಲೆ ನಾಲ್ಕಾಗಿ ಹರಿದರು. "ಹೋಗ್ತೀನ್ರಿ. ಹೆದರಿಕೊಂಡೇ ಹೋಗ್ತೀನಿ."

ಮೇಜಿನ ಮುಂದೆ ಕೂತು ಇನ್ನೊಂದು ಹಾಳೆ ತೆಗೆದು ಬರೆಯತೊಡಗಿದರು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಇಷ್ಟು ವರ್ಷ ಕಣ್ಣು ಕೆಡಿಸಿಕೊಂಡು ಓದಿದ್ದರಲ್ಲಿ ಅವರಿಗೆ ಉಪಯೋಗಕ್ಕೆ ಬಂದದ್ದು ಏನೂ ಇರಲಿಲ್ಲ. ನಾನು ಪುಕ್ಕಲ ಎಂಬುದೊಂದೇ ಬಂತು.