ಮೂರನೆಯ ಪುಟದಲ್ಲಿ ಸತ್ತ ಅಪ್ಪ

ಮುಂಬಯಿ ಅಂಧೇರಿಯ ನಮ್ಮ ಕನ್ನಡ ಸಂಘದವರು ಮಕ್ಕಳಿಗೊಂದು ಸಣ್ಣ ಪುಸ್ತಕ ತರುತ್ತೇವೆ ಎಂದಾಗ, ಬರೆಯಲು ನಾನೇ ಕೇಳಿಕೊಂಡು ಹೋದೆ. ಆಕಾಶದಲ್ಲಿ ಹಾರಿ ಊರು ಕಾಯುವ, ಕಾಮಿಕ್ಸಿನ ಆ ಹಳೆಯ ವೀರ ಎಲ್ಲಿಂದ ಬಂದ, ಹೇಗೆ ಬೆಳೆದ ಎಂಬ ಕಥೆ. ಗೊತ್ತಿರುವ ಕಥೆಯಾದರೆ ಮಕ್ಕಳು ಕನ್ನಡದಲ್ಲೂ ಓದಿಯಾರು ಎಂಬುದು ಸಂಘದ ಯೋಚನೆ. ನನ್ನ ಯೋಚನೆ ಬೇರೆ. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ. ಅಕ್ಷರ ಕಲಿಸಿದ್ದೇನೆ, ಆದರೆ ಓದುವುದಿಲ್ಲ. ಅಪ್ಪ ಬರೆದದ್ದು ಎಂಬ ಕಾರಣಕ್ಕಾದರೂ ಒಮ್ಮೆ ಕೈಗೆತ್ತಿಕೊಂಡಾಳು ಎಂಬ ಆಸೆ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಯಾರ ಹಂಗಿನಲ್ಲೂ ಬದುಕಿದವನಲ್ಲ. ಹೋಟೆಲಿನ ಕಾವಲಿಯ ಮುಂದೆ ನಿಂತು ಸಂಸಾರ ನಡೆಸಿದ್ದೇನೆ, ಮಗಳನ್ನು ಇಂಗ್ಲಿಷ್ ಮೀಡಿಯಂನಲ್ಲಿ ಓದಿಸುತ್ತಿದ್ದೇನೆ. ಅವಳು ಚಿಕ್ಕವಳಿದ್ದಾಗ ಊಟ ಮಾಡಿಸುತ್ತಾ ಇದೇ ಕಥೆಯನ್ನು ನನ್ನ ರೀತಿಯಲ್ಲಿ ಹೇಳುತ್ತಿದ್ದೆ.

ಎಲ್ಲರೂ ಹೇಳುವ ಕಥೆಯಲ್ಲಿ ಅನಾಥ ಮಗುವನ್ನು ಸಾಕಿದ ಅಪ್ಪ ಬೇಗ ಸಾಯುತ್ತಾನೆ. ಅವನು ಸತ್ತ ಮೇಲೆಯೇ ಹುಡುಗನಿಗೆ ತನ್ನ ಶಕ್ತಿ ಯಾವುದಕ್ಕೆಂದು ತಿಳಿಯುವುದು. ನನಗದು ಯಾವತ್ತೂ ಸರಿ ಕಂಡಿಲ್ಲ. ಸಾಕಿದವನಿಗೆ ಸಾಯುವುದೊಂದೇ ಕೆಲಸವೇ?

ನನ್ನ ಕಥೆಯ ಅಪ್ಪ ಕುರ್ಲಾ ಸ್ಟೇಷನ್ ಹೊರಗಿನ ದೋಸೆಯವನು. ಬೆಳಿಗ್ಗೆ ಕಾವಲಿಗೆ ಹಾಕುವ ಮೊದಲ ದೋಸೆ ಅಂಟಿಕೊಂಡು ಹರಿದೇ ಬರುತ್ತದೆ, ಗಿರಾಕಿಗೆ ಕೊಡುವಂತಿಲ್ಲ. ಆ ಹರಿದ ದೋಸೆ ತಿಂದೇ ಮಗು ಬೆಳೆಯುತ್ತದೆ. ದೊಡ್ಡವನಾಗಿ, ಹಳಿ ತಪ್ಪಿದ ಲೋಕಲ್ ರೈಲನ್ನು ಎತ್ತಿ ನಿಲ್ಲಿಸಿ ಬಂದ ದಿನವೂ ಅಪ್ಪನ ಪಕ್ಕ ಕೂತು ಅದನ್ನೇ ತಿನ್ನುತ್ತಾನೆ.

ಸಂಘದ ಕಾರ್ಯದರ್ಶಿ ಬ್ಯಾಂಕಿನಿಂದ ನಿವೃತ್ತರಾದವರು. ಕಮಿಟಿ ಮೀಟಿಂಗಿನಲ್ಲಿ ನನ್ನೆದುರೇ ಓದಿದರು.

"ಎಲ್ಲ ಸರಿ ಮಾರಾಯ್ರೆ, ಅಪ್ಪ ಸಾಯುವುದು ಯಾವಾಗ?"

"ಸಾಯುವುದಿಲ್ಲ ಸರ್."

"ಮತ್ತೆ ಹೀರೋ ಆಗುವುದು ಹೇಗೆ?"

"ಅಪ್ಪ ಸಾಕಿದ್ದಾನಲ್ಲ. ಸಾಲದಾ?"

"ದೋಸೆ ತಿಂದು ಹಾರುವುದಾದ್ರೆ ನಮ್ಮ ಉಡುಪಿಯವರೆಲ್ಲ ಇಷ್ಟೊತ್ತಿಗೆ ಆಕಾಶದಲ್ಲಿ ಇರ್ಬೇಕಿತ್ತು!"

ಕಮಿಟಿಯವರೆಲ್ಲ ನಕ್ಕರು. ನಾನೂ ನಕ್ಕೆ.

"ಭಾಷೆ ಚಂದ ಉಂಟು ನಿಮ್ಮದು. ಚೂರು ತಿದ್ದಿ ಹಾಕ್ತೇವೆ, ಆಯ್ತಾ?"

ತಿದ್ದುವುದೆಂದರೆ ದೀರ್ಘ, ಒತ್ತಕ್ಷರ ಎಂದುಕೊಂಡೆ. ಆಯ್ತು ಸರ್ ಎಂದೆ.

ಪುಸ್ತಕ ಬಂತು. ಮುಖಪುಟದಲ್ಲಿ ನನ್ನ ಹೆಸರು. ಒಳಗೆ ದೋಸೆಯವನಿಲ್ಲ, ಕುರ್ಲಾ ಇಲ್ಲ. ಅಪ್ಪ ಒಬ್ಬ ವಿಜ್ಞಾನಿ. ಮೂರನೆಯ ಪುಟದಲ್ಲಿ, ಪ್ರಯೋಗಶಾಲೆಗೆ ಬೆಂಕಿ ಬಿದ್ದು ಸಾಯುತ್ತಾನೆ.

ಮನೆಗೆ ತಂದು ಕಪಾಟಿನ ಮೇಲೆ ಕವುಚಿ ಹಾಕಿದ್ದೆ. ಮಗಳು ತೆಗೆದು ಮುಖಪುಟ ನೋಡಿಬಿಟ್ಟಳು.

"ಪಪ್ಪಾ! ತುಮ್ಹಾರಾ ನಾಮ್!"

ಕೂತು, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದಳು. ಅವಳು ಕನ್ನಡ ಓದಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮೂರನೆಯ ಪುಟಕ್ಕೆ ಬಂದಾಗ ತಲೆಯೆತ್ತಿದಳು.

"ಇದು ಮಸ್ತ್ ಇದೆ ಪಪ್ಪಾ. ಮೊದ್ಲು ನೀವು ಹೇಳ್ತಿದ್ರಲ್ಲ, ಆ ದೋಸೆವಾಲಾ, ಅದು ಬೋರ್ ಇತ್ತು."

ಇದು ನಾನು ಬರೆದದ್ದಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಬೆರಳು ಮುಂದಿನ ಸಾಲಿನಲ್ಲಿತ್ತು. ಈಗ ತಡೆದರೆ ಮತ್ತೆ ಓದುತ್ತಾಳೋ ಇಲ್ಲವೋ. ಅವಳ ಪಕ್ಕ ಕೂತೆ.

"ಪಪ್ಪಾ, ವಿಜ್ಞಾನಿ ಮತ್ಲಬ್?"

"ತುಂಬ ಶಾಲೆ ಕಲಿತವರು," ಎಂದೆ. "ಓದು, ಮುಂದೆ ಓದು."