ನರ್ಸಮ್ಮನಿಗೆ ನಾನು ಹೇಳದ ಮಾತು

ಕಳೆದ ವಾರ ಗುಂಡ್ಲುಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಕಜ್ಜಿಗೆ ಹಚ್ಚುವ ಬಿಳಿ ಔಷಧದ ಬಾಟಲಿಯೊಂದು ಅಂಗಡಿಯವರ ಕೈಜಾರಿ ಒಡೆಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕೇಳಬೇಕಿದ್ದ ಮಾತ್ರೆಯ ಹೆಸರೇ ಮರೆತುಹೋಯಿತು. ಇಪ್ಪತ್ತು ವರ್ಷಗಳ ಹಿಂದೆ ಎರಡು ವಾರ ನನ್ನ ಬಟ್ಟೆಗೆಲ್ಲ ಇದೇ ವಾಸನೆ ಅಂಟಿಕೊಂಡಿತ್ತು... ನರ್ಸಮ್ಮನ ಜೊತೆ ತಿರುಗಿದ ದಿನಗಳವು.

ಆಗ ನಾನು ಚಾಮರಾಜನಗರದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಅಲ್ಲಿನ ಚರ್ಚೊಂದಕ್ಕೆ ಹೊರದೇಶದಿಂದ ಏಳೆಂಟು ಮಂದಿ ಸೇವೆಗೆಂದು ಬಂದಿದ್ದರು. ಹಳ್ಳಿಗಳಿಗೆ ಹೋಗಿ ಔಷಧ ಕೊಡುವುದು ಅವರ ಕೆಲಸ. ಹೆಂಗಸರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬ ಹುಡುಗಿ ಬೇಕಾಗಿತ್ತು. ನಮ್ಮದು ಚರ್ಚಿಗೆ ಹೋಗುವ ಮನೆಯಲ್ಲ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ನಾಕ್ ಜನಕ್ಕೆ ಔಸ್ದಿ ಕೊಡೋ ಕೆಲ್ಸ ಅಲ್ವಾ, ಓಗ್ಬುಟ್ಟು ಬಾ ಕಣಮ್ಮಿ" ಅಂದರು.

ಆ ತಂಡದ ನರ್ಸನ್ನು ಹಳ್ಳಿಯವರೆಲ್ಲ ನರ್ಸಮ್ಮ ಎನ್ನುತ್ತಿದ್ದರು; ಅವರಿಗೆ ಅರವತ್ತು ದಾಟಿತ್ತು. ನಿವೃತ್ತಿಯ ನಂತರ ಮೊದಲ ಸಲ ತಮ್ಮ ದೇಶ ಬಿಟ್ಟು ಬಂದಿದ್ದರು. ಮಂಡಿನೋವಿದ್ದರೂ ನೆಲದ ಮೇಲೇ ಕೂತು ಮಕ್ಕಳ ಹುಣ್ಣು ತೊಳೆಯುತ್ತಿದ್ದರು. ಕಲಿತದ್ದು ಒಂದೇ ಕನ್ನಡ ಮಾತು, "ನೋಯ್ತದಾ?" ಗಾಯವಿಲ್ಲದವರನ್ನೂ ಹಾಗೇ ಕೇಳುತ್ತಿದ್ದರು, ಮಕ್ಕಳು ನಗುತ್ತಿದ್ದವು. ಒಂದು ಮನೆಯಲ್ಲಿ ಇದ್ದ ಒಂದೇ ಪಾತ್ರೆಯ ಗಂಜಿಯನ್ನು ಮಕ್ಕಳ ತಟ್ಟೆಗೆ ಬಗ್ಗಿಸಿ, ಅದನ್ನೇ ತೊಳೆದು ನಮಗೆ ಟೀ ಕಾಸಿಕೊಟ್ಟಿದ್ದರು.

ಮೂರನೆಯ ದಿನ ಉಡಿಗಾಲದ ಆಚೆ ಕೂಲಿಯವರ ಒಂದು ಕೇರಿಗೆ ಹೋದೆವು. ಅಲ್ಲೊಬ್ಬ ತಾಯಿ, ನನ್ನದೇ ವಯಸ್ಸಿನವಳು, ಆರೇಳು ವರ್ಷದ ಮಗಳನ್ನು ಕರೆತಂದಳು. ನಾಲ್ಕು ಹೆಜ್ಜೆಗೆ ಮಗು ಏದುತ್ತಿತ್ತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಎದೆಗೆ ಸ್ಟೆತೊಸ್ಕೋಪ್ ಇಟ್ಟ ನರ್ಸಮ್ಮನ ಮುಖ ಬದಲಾಯಿತು. ಹೃದಯದ ತೊಂದರೆ, ಕೂಡಲೇ ಮೈಸೂರಿನ ದೊಡ್ಡ ಆಸ್ಪತ್ರೆಗೆ ತೋರಿಸಬೇಕು, ನಾವೂ ಜೊತೆಗಿರುತ್ತೇವೆ ಅಂದರು. ನಾನು ತಿಳಿಸಿದೆ. ಆ ತಾಯಿ ನರ್ಸಮ್ಮನ ಎರಡೂ ಕೈ ಹಿಡಿದುಕೊಂಡಳು.

"ಆಯಮ್ಮಂಗೆ ಏಳಕ್ಕ, ಈ ಮಗೀನ ಅವ್ರ ದೇಸಕ್ಕೇ ಕರ್ಕಂಡೋಗ್ಬುಡ್ಲಿ. ಅಲ್ಲಿ ಬದೀಕತದೆ. ನನ್ನ ಕಣ್ಗೆ ಕಾಣ್ದಿದ್ರೂ ಸರಿ."

ನನಗೆ ನಾಚಿಕೆಯಾಯಿತು. ನಮ್ಮೂರ ಹೆಂಗಸು ಹೆತ್ತ ಮಗುವನ್ನೇ ಕೊಡುತ್ತಾಳೆಂದು ಹೊರಗಿನವರಿಗೆ ಹೇಗೆ ಹೇಳಲಿ? ಏನಂತೆ ಎಂದು ನರ್ಸಮ್ಮ ಕೇಳಿದರು. "ನಿಮ್ಮ ಉಪಕಾರ ಮರೆಯುವುದಿಲ್ಲವಂತೆ, ಮೈಸೂರಿಗೆ ತಾನೇ ಕರೆದುಕೊಂಡು ಹೋಗುತ್ತಾಳಂತೆ" ಅಂದುಬಿಟ್ಟೆ. ನರ್ಸಮ್ಮ ಸಂತೋಷದಿಂದ ತಲೆಯಾಡಿಸಿ ಆಕೆಯನ್ನು ತಬ್ಬಿಕೊಂಡರು.

ಆ ತಲೆಯಾಡಿಸಿದ್ದನ್ನು ತಾಯಿ ಒಪ್ಪಿಗೆ ಅಂದುಕೊಂಡಿದ್ದಳು... ಅದು ನನಗೆ ತಿಳಿದದ್ದು ಕೊನೆಯ ದಿನ, ಎಲ್ಲರಿಗೂ ಹೇಳಿಹೋಗಲು ಅದೇ ಕೇರಿಗೆ ಮತ್ತೆ ಹೋದಾಗ. ಮಗುವಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿ, ಒಗೆದ ಫ್ರಾಕು ತೊಡಿಸಿ, ಒಂದು ಬಟ್ಟೆಗಂಟಿನ ಜೊತೆ ರಸ್ತೆ ಬದಿಯಲ್ಲಿ ನಿಲ್ಲಿಸಿಕೊಂಡಿದ್ದಳು. ಜೀಪು ನಿಂತ ಕೂಡಲೇ ಮಗುವನ್ನು ಎತ್ತಿ ನರ್ಸಮ್ಮನ ಪಕ್ಕದಲ್ಲಿ ಕೂರಿಸಿದಳು. ಮಗು ಅಳಲಿಲ್ಲ. ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದಿರಬೇಕು.

ಅಲ್ಲೇ ನಾನು ನರ್ಸಮ್ಮನಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಒಪ್ಪಿಸಿದೆ. ಅವರು ಬೈಯಲಿಲ್ಲ. "ಹತ್ತು ದಿನ ಇತ್ತಲ್ಲ..." ಎಂದಷ್ಟೇ ಅಂದು ಅತ್ತರು. ಮರುದಿನ ಅವರ ವಿಮಾನ. ತಾಯಿಗೆ ನಾನು ಮೊದಲು ಮೈಸೂರಿಗೆ ಎಂದಷ್ಟೇ ಹೇಳಿದೆ; ನರ್ಸಮ್ಮ ಅವಳನ್ನೂ ಹತ್ತಿಸಿಕೊಂಡು ಜೀಪನ್ನು ನೇರ ಅಲ್ಲಿಗೆ ಹೊರಡಿಸಿದರು. ಹೃದಯದಲ್ಲಿ ರಂಧ್ರವಿದೆ, ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು ಅಂದರು ಡಾಕ್ಟರು. ನರ್ಸಮ್ಮ ಹೊರಟುಹೋದ ಮೇಲೆ, ಮನೆಯಲ್ಲಿ ಇನ್ನೆರಡು ಸಣ್ಣ ಮಕ್ಕಳಿವೆಯೆಂದು ತಾಯಿ ಮಗಳನ್ನು ಕರೆದುಕೊಂಡು ಊರಿಗೆ ಬಂದಳು. ಚರ್ಚಿನವರು ಓಡಾಡಿ ಆಪರೇಷನ್ನಿಗೆ ದಿನ ಗೊತ್ತುಮಾಡುವಷ್ಟರಲ್ಲಿ ಮಳೆಗಾಲ ಬಂತು. ಜ್ವರ ಹಿಡಿದು ನಾಲ್ಕೇ ದಿನಕ್ಕೆ ಮಗು ಹೋಯಿತು.

ನರ್ಸಮ್ಮನಿಗೆ ಕಾಗದ ಬರೆದೆ. "ತಪ್ಪು ನನ್ನದೂ ಇದೆ. ಆಕೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳು, ನಾನು ಎರಡನೇ ಸಲ ಕೇಳಬೇಕಿತ್ತು" ಎಂದು ಅವರು ಉತ್ತರಿಸಿದರು. ಕೆಲವು ವರ್ಷಗಳ ನಂತರ, ಅವರು ತೀರಿಕೊಂಡರೆಂದು ಅವರ ಮಗಳ ಕಾಗದ ಬಂತು.

ಮೆಡಿಕಲ್ ಸ್ಟೋರಿನಿಂದ ಬಂದ ಮರುದಿನವೇ ನಾನು ಆ ಕೇರಿಗೆ ಹೋದೆ. ತಾಯಿ ಜಗುಲಿಯ ಮೇಲೆ ಸಣ್ಣ ಈರುಳ್ಳಿ ಬಿಡಿಸುತ್ತಿದ್ದಳು. ನನ್ನ ಗುರುತು ಹಿಡಿದಳು. ನರ್ಸಮ್ಮ ತೀರಿಹೋದರು ಅಂದೆ. "ಪಾಪ, ಒಪ್ಕಂಡಿದ್ರು ಕಣಕ್ಕ. ಏನ್ ತೊಂದ್ರೆ ಬಂತೋ, ಕರ್ಕಂಡೋಗಾಕ್ ಆಗ್ನಿಲ್ಲ" ಅಂದಳು.

ಆಗ ಹೇಳಿದೆ. ಅವತ್ತು ಅವಳ ಮಾತನ್ನು ನಾನು ತಿರುಗಿಸಲೇ ಇಲ್ಲ ಎಂದು, ಇಪ್ಪತ್ತು ವರ್ಷ ತಡವಾಗಿ, ಕನ್ನಡದಲ್ಲೇ ಹೇಳಿದೆ.

ಅವಳ ಕೈ ನಿಂತಿತು. ಬಿಡಿಸಿದ್ದ ಈರುಳ್ಳಿಯನ್ನು ಪಕ್ಕಕ್ಕೆ ಸರಿಸಿದಳು.

"ಏಳಿದ್ರೂ ಕರ್ಕಂಡೋಯ್ತಿದ್ರೋ ಇಲ್ವೋ..." ಅಂದಳು. "ಆದ್ರೂ ಏಳ್ಬೇಕಿತ್ತು ಕಣಕ್ಕ."