ಎಲೆ ಮುಟ್ಟದ ಲಾಲ್‌ಸಾಬ

ಹೇಳಿಯೇ ಬಿಡುತ್ತೇನೆ, ಜಗಳೂರಿನ ಕಲಾಯಿ ಲಾಲ್‌ಸಾಬನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಜವಳಿ ಅಂಗಡಿ ನಾಗರಾಜಪ್ಪ, ಮಾಳಿಗೆ ಮನೆಯವನು. ಅವನೋ ಬೀದಿಯಲ್ಲಿ ತಿದಿ ಒತ್ತುತ್ತ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು. ಆದರೂ ನಮ್ಮ ಇಸ್ಪೀಟಿನ ಕ್ಲಬ್ಬಿನಲ್ಲಿ ಏನೇ ತಕರಾರು ಬರಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: “ಲಾಲ್‌ಸಾಬನ್ನ ಕೇಳ್ರಿ.” ಆ ಮಾತು ನನ್ನ ಹೆಸರಿಗೆ ಬರಬೇಕು ಅಂತ ನನ್ನ ಆಸೆ.

ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿ. ಕ್ಲಬ್ಬೆಂದರೆ ಒಂದು ಹೆಂಚಿನ ಕೋಣೆ, ಒಂದು ಮೇಜು, ನಾಲ್ಕು ಕುರ್ಚಿ. ಭಾನುವಾರ ಮಧ್ಯಾಹ್ನ ಬೀಗ ತೆಗೆದು ಕಸ ಗುಡಿಸುವುದು ಲಾಲ್‌ಸಾಬನ ಕೆಲಸ. ಹಿಂದೆ ಚಿಕ್ಕಮಗಳೂರಿನ ಕಡೆ ಬಿಳಿ ದೊರೆಗಳ ಕ್ಲಬ್ಬಿನಲ್ಲಿ ಹನ್ನೊಂದು ವರ್ಷ ಲೋಟ ತೊಳೆದಿದ್ದನಂತೆ. ಆಟದ ರೀತಿ ರಿವಾಜೆಲ್ಲ ಅಲ್ಲಿ ನೋಡಿ ಕಲಿತದ್ದು. ತಾನು ಮಾತ್ರ ಒಂದು ಎಲೆಯನ್ನೂ ಮುಟ್ಟುತ್ತಿರಲಿಲ್ಲ. “ಕೈ ತುಂಬ ಮಸಿ ಐತ್ರೀ” ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದ. ಏನನ್ನಾದರೂ ತೋರಿಸುವುದಿದ್ದರೂ ಗದ್ದದಲ್ಲೇ.

ಆ ವರ್ಷ ಹೊಸ ಮೇಷ್ಟ್ರು ಚಿಕ್ಕಹನುಮಂತಪ್ಪ ಊರಿಗೆ ಬಂದರು. “ಬರ್ರಿ, ಇಪ್ಪತ್ತೆಂಟರ ಆಟ ಆಡಾಕೆ ನಾನು ಹೇಳಿಕೊಡ್ತೀನಿ” ಎಂದೆ.

“ಲಾಲ್‌ಸಾಬರು ಚೆನ್ನಾಗಿ ಹೇಳಿಕೊಡ್ತಾರಂತಲ್ರೀ” ಅಂದುಬಿಟ್ಟಿತು ಆ ಪ್ರಾಣಿ! ನನ್ನ ಮೈಯೆಲ್ಲ ಉರಿದುಹೋಯಿತು.

ಲಾಲ್‌ಸಾಬ ಮೆಲ್ಲಗೆ ಶುರು ಮಾಡಿದ. “ಹಂಚಿ ಮುಗಿಯೋವರೆಗೂ ಎಲೆ ಎತ್ತಬ್ಯಾಡ್ರಿ ಮೇಷ್ಟ್ರೆ. ತುರುಪು ಇಟ್ಟ ಮ್ಯಾಲೆ ಎದುರಿಗೆ ಕುಂತ ಜೋಡಿ ಮುಖ ನೋಡಬ್ಯಾಡ್ರಿ. ಸೋತ್ರೆ ಜೋಡೀನ ಬೈಬ್ಯಾಡ್ರಿ. ಯಾರಾದ್ರೂ ನಿಮ್ಮ ಮ್ಯಾಲೆ ಅನುಮಾನ ಪಟ್ರೆ ವಾದ ಮಾಡಬ್ಯಾಡ್ರಿ, ಸುಮ್ನೆ ಎದ್ದು ಹೋಗ್ರಿ.”

ಕ್ಲಬ್ಬಿನ ಹಳಬರಲ್ಲಿ ಮೇಷ್ಟ್ರಿಗೆ ತಿಪ್ಪೇಶಪ್ಪ ಜೋಡಿ, ನನಗೆ ಮಲ್ಲೇಶಪ್ಪ. ನಿನ್ನೆ ಮೊನ್ನೆ ಎಲೆ ಹಿಡಿದ ಮೇಷ್ಟ್ರು ಸಾಲಾಗಿ ಮೂರು ಆಟ ಗೆದ್ದರು. “ಗುರು ಅಂದ್ರೆ ಇವನಪ್ಪಾ!” ಎಂದು ತಿಪ್ಪೇಶಪ್ಪ ಲಾಲ್‌ಸಾಬನನ್ನು ಹೊಗಳಿದ. ನಾಲ್ಕನೇ ಆಟದಲ್ಲಿ, ಮೇಷ್ಟ್ರ ಬೆನ್ನ ಹಿಂದೆ ನಿಂತಿದ್ದ ಲಾಲ್‌ಸಾಬನ ಗದ್ದದ ಮೇಲೆ ನೊಣ ಕೂತಿತು. ಕೈ ಹಿಂದೆ ಕಟ್ಟಿದ್ದನಲ್ಲ, ಗದ್ದವನ್ನೇ ಎರಡು ಸಲ ಮೇಲಕ್ಕೆತ್ತಿ ಓಡಿಸಿದ. ನೊಣ ನನಗೆ ಚೆನ್ನಾಗಿ ಕಂಡಿತ್ತು.

ಎಲೆ ಬಿಸಾಕಿ ಎದ್ದೆ. “ಏನಲೇ ಸಾಬ, ಮೇಷ್ಟ್ರ ಕೈಲಿ ಏನೈತೆ ಅಂತ ತಿಪ್ಪೇಶಪ್ಪಂಗೆ ಸನ್ನೆ ಮಾಡ್ತೀಯಾ?”

“ಅಯ್ಯೋ, ನಾನು ಅವನ ಕಡೆ ನೋಡೇ ಇಲ್ಲ!” ಎಂದ ತಿಪ್ಪೇಶಪ್ಪ. ಲಾಲ್‌ಸಾಬ ಮಾತ್ರ ವಾದಕ್ಕೆ ನಿಲ್ಲಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದ.

ಆಮೇಲೆ ಕೇಳಬೇಕೆ! ಎರಡು ಭಾನುವಾರ ಎಲ್ಲರೂ ನನ್ನನ್ನೇ ಕೇಳಿದರು. ನಾನು ಹೇಳಿದ್ದೇ ಕಾಯ್ದೆ. ಮೂರನೇ ವಾರ ಮಲ್ಲೇಶಪ್ಪ, “ನಾಗರಾಜಪ್ಪೋರೆ, ನೀವು ಬಗ್ಗಿ ಮೇಷ್ಟ್ರ ಎಲೆ ನೋಡಿದ್ರಿ” ಎಂದ. ನನ್ನ ಜೋಡಿಯೇ ಹಾಗಂದ! ನಾನು ಸುಮ್ಮನೆ ಎದ್ದೆನೆ? ಇಲ್ಲ. ಹೊತ್ತು ಮುಳುಗುವವರೆಗೂ ಕೂಗಾಡಿದೆ, ಮೇಜು ಗುದ್ದಿದೆ, ಬೈಗುಳದಲ್ಲಿ ಅವನ ಅಪ್ಪನವರೆಗೂ ಹೋದೆ. ಮುಂದಿನ ಭಾನುವಾರ ಬೀಗ ತೆಗೆದು ಕೂತರೆ ಒಬ್ಬನೂ ಬರಲಿಲ್ಲ.

ಸೋಮವಾರ ಒಂದು ಹಿತ್ತಾಳೆ ತಪ್ಪಲೆ ಹಿಡಿದು ಲಾಲ್‌ಸಾಬನ ಹತ್ತಿರ ಹೋದೆ. ಅವನು ತಪ್ಪಲೆ ಬೆಂಕಿಯ ಮೇಲಿಟ್ಟ. ಅದು ಕಾಯುವುದನ್ನೇ ನೋಡುತ್ತ ಅಂದೆ: “ಅವತ್ತು ನಿನ್ನ ಗದ್ದದ ಮ್ಯಾಲೆ ನೊಣ ಕೂತಿತ್ತು ಕಣೋ.”

“ಗೊತ್ತೈತ್ರೀ ಸಾವ್ಕಾರ್ರೆ. ಅದು ಹಾರಿದ ಕಡೆಗೇ ನಿಮ್ಮ ಕಣ್ಣೂ ಹೋತಲ್ಲ, ನೋಡ್ದೆ.”

“ಮತ್ತೆ ಬಾಯಿ ಬಿಡಬಾರದಾಗಿತ್ತಾ?”

“ಮೇಷ್ಟ್ರಿಗೆ ಆಗಷ್ಟೇ ಹೇಳಿಕೊಟ್ಟಿದ್ದೆನಲ್ರೀ” ಎಂದು ತಪ್ಪಲೆಯೊಳಗೆ ತವರ ಸವರುತ್ತ ಅರಳೆ ಆಡಿಸಿದ.

ತಪ್ಪಲೆ ಬೆಳ್ಳಿಯ ಹಾಗೆ ಹೊಳೆಯಿತು. ಬೀಗದ ಕೈಯನ್ನು ಅವನ ಮುಂದಿಟ್ಟು ಮನೆಗೆ ಬಂದೆ. ಮಲ್ಲೇಶಪ್ಪ ಹಾಗಂದಾಗ ಲಾಲ್‌ಸಾಬನಂತೆ ಸುಮ್ಮನೆ ಎದ್ದು ಹೋಗುವುದು ನನ್ನಿಂದ ಆಗಲಿಲ್ಲವಲ್ಲ ಎಂದು ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.